ಕೂಡುವ ಲೆಕ್ಕಕ್ಕೆ ಸಿಗದ ಮಂಡ್ಯ

  2024ರ ಜೂನ್ 4ರ ಮಂಗಳವಾರ ಲೋಕಸಭಾ ಚುನಾವಣೆಯ ಎಣಿಕೆ, ಬುಧವಾರ ಬೆಳಗ್ಗೆ ಈ ಅಂಕಣ ಪತ್ರಿಕೆಯ ಕೈಸೇರಬೇಕು. ನಡುವೆ ಸಿಕ್ಕ ಒಂದೇ ರಾತ್ರಿ ಪೂರ್ತಿ ಮಂಡ್ಯಕ್ಕೇ ಹೋಯಿತು. ಬಿಜೆಪಿ ಜೊತೆ ಕೂಡಿ ನಿಂತ ಜೆಡಿಎಸ್‌ನ ಎಚ್.ಡಿ. ಕುಮಾರಸ್ವಾಮಿ ಅವರಿಗೆ 8,51,881 ಮತ, ಸ್ಟಾರ್ ಚಂದ್ರು ಎಂದೇ ಹೆಸರಾದ ಕಾಂಗ್ರೆಸ್‌ನ ವೆಂಕಟರಮಣೇಗೌಡರಿಗೆ 5,67,261. ಅಂತರ 2,84,620. ಕುಮಾರಸ್ವಾಮಿ ಗೆಲ್ಲುತ್ತಾರೆ ಎಂದವರು ಬಹಳ ಜನ ಇದ್ದರು. ಆದರೆ ಎರಡೂಮುಕ್ಕಾಲು ಲಕ್ಷ ದಾಟುತ್ತದೆ ಎಂದು ಧೈರ್ಯವಾಗಿ ಹೇಳಿದವರು ನನಗಂತೂ ಸಿಕ್ಕಿರಲಿಲ್ಲ.

ಹದಿಮೂರು ತಿಂಗಳ ಹಿಂದಿನ ಚಿತ್ರ ನೆನಪಿದೆಯಲ್ಲ? 2023ರ ಮೇ 13. ಜಿಲ್ಲೆಯ ಏಳು ವಿಧಾನಸಭಾ ಕ್ಷೇತ್ರಗಳಲ್ಲಿ ಐದು ಕಾಂಗ್ರೆಸ್‌ಗೆ: ಮಂಡ್ಯ, ಮದ್ದೂರು, ಮಳವಳ್ಳಿ, ನಾಗಮಂಗಲ, ಶ್ರೀರಂಗಪಟ್ಟಣ. ಮೇಲುಕೋಟೆಯಲ್ಲಿ ಕಾಂಗ್ರೆಸ್ ಬೆಂಬಲದೊಡನೆ ಸರ್ವೋದಯ ಕರ್ನಾಟಕದ ದರ್ಶನ್ ಪುಟ್ಟಣ್ಣಯ್ಯ. ಜೆಡಿಎಸ್‌ಗೆ ಉಳಿದದ್ದು ಕೆ.ಆರ್. ಪೇಟೆ ಒಂದೇ. ಲೋಕಸಭಾ ಕ್ಷೇತ್ರಕ್ಕೆ ಸೇರುವ ಎಂಟನೆಯದಾದ ಕೆ.ಆರ್. ನಗರವೂ ಕಾಂಗ್ರೆಸ್‌ನದೇ ಆಯಿತು. ಎಂಟರಲ್ಲಿ ಏಳು ಒಂದು ಕಡೆ. ಆ ಏಳು ಕ್ಷೇತ್ರಗಳಿದ್ದ ಪಾಳಯ ಈಗ ಎರಡೂಮುಕ್ಕಾಲು ಲಕ್ಷದಿಂದ ಸೋತಿದೆ.

ಇನ್ನೂ ಐದು ವರ್ಷ ಹಿಂದೆ ಹೋದರೆ ಇದೇ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಸಿಗುತ್ತದೆ. 2018ರ ಮೇನಲ್ಲಿ ಎಂಟಕ್ಕೆ ಎಂಟೂ ಜೆಡಿಎಸ್. ಆ ನವೆಂಬರ್‌ನ ಲೋಕಸಭಾ ಉಪಚುನಾವಣೆಯಲ್ಲಿ ಜೆಡಿಎಸ್-ಕಾಂಗ್ರೆಸ್ ಮೈತ್ರಿಕೂಟದ ಎಲ್.ಆರ್. ಶಿವರಾಮೇಗೌಡರು ಗೆದ್ದದ್ದು 3,24,943 ಮತಗಳ ಅಂತರದಿಂದ. ಆರೇಳು ತಿಂಗಳು ಕಳೆಯುವಷ್ಟರಲ್ಲಿ, 2019ರ ಮೇ 23ರಂದು, ಅದೇ ಕ್ಷೇತ್ರದಲ್ಲಿ ಆಗ ಮುಖ್ಯಮಂತ್ರಿಯಾಗಿದ್ದ ಕುಮಾರಸ್ವಾಮಿಯವರ ಮಗ, ಅದೇ ಮೈತ್ರಿಕೂಟದ ನಿಖಿಲ್ ಕುಮಾರಸ್ವಾಮಿ, ಪಕ್ಷೇತರ ಅಭ್ಯರ್ಥಿ ಸುಮಲತಾ ಅಂಬರೀಷ್ ಅವರೆದುರು 1,25,876 ಮತಗಳಿಂದ ಸೋತರು. ಸುಮಲತಾ ಹೆಸರಿನ ಇನ್ನೂ ಮೂವರು ಕಣದಲ್ಲಿದ್ದರೂ ಜನ ಕಹಳೆ ಊದುವ ರೈತನನ್ನು ಹುಡುಕಿ ಗುಂಡಿ ಒತ್ತಿದರು. ಮತದಾನ ಶೇ 80 ದಾಟಿತ್ತು. ಈ ಸಲ ಶೇ 81ನ್ನೂ ದಾಟಿತು.

ನನ್ನ ಹಳೆಯ ಜಗಳ ಶಾಸಕರ ತಲೆ ಎಣಿಸುವ ಪಂಥದವರ ಜೊತೆ. ಇವರ ವಿಧಾನ ನಿಮಗೆ ಗೊತ್ತು. ಯಾವ ಪಕ್ಷಕ್ಕೆ ಎಷ್ಟು ಶಾಸಕರು, ಅವರು ಗೆದ್ದ ಮತ ಎಷ್ಟು, ಮಿತ್ರಪಕ್ಷಕ್ಕೆ ಬಂದದ್ದೆಷ್ಟು, ಕೂಡಿ. ಫಲಿತಾಂಶ ಬೇರೆ ಬಂದರೆ ‘ಅಲೆ’ ಎನ್ನಿ, ‘ಅನುಕಂಪ’ ಎನ್ನಿ, ಮುಂದಿನ ಚುನಾವಣೆಗೆ ಮತ್ತೆ ಅದೇ ಕೂಡುವ ಲೆಕ್ಕಕ್ಕೆ ಬನ್ನಿ. 2019ರಲ್ಲಿ ಹೀಗೆ ಕೂಡಿದವರು ನಿಖಿಲ್‌ಗೆ ನಾಲ್ಕು ಲಕ್ಷದ ಗೆಲುವು ಕೊಟ್ಟಿದ್ದರು. ಈ ಬಾರಿ ಇನ್ನೊಂದು ಕಡೆಯವರು ಏಳು ಶಾಸಕರನ್ನು ಸಾಲಾಗಿ ನಿಲ್ಲಿಸಿ ಕಾಂಗ್ರೆಸ್‌ಗೆ ಕ್ಷೇತ್ರ ಬರೆದುಕೊಟ್ಟರು. ಶಾಸಕ ತನ್ನ ಮತಗಳ ಒಡೆಯ, ಅವನು ಹೇಳಿದಲ್ಲಿಗೆ ಅವು ಹೋಗುತ್ತವೆ ಎನ್ನುವುದು ಇವರ ನಂಬಿಕೆ. ಮಂಡ್ಯ ಇದನ್ನು ಸುಳ್ಳು ಮಾಡುತ್ತಲೇ ಬಂದಿದೆ.

‘ಈ ಸಲ ಜೆಡಿಎಸ್ ಮತ್ತು ಬಿಜೆಪಿ ಕೂಡಿದ್ದು ನಡೆಯಿತಲ್ಲ’ ಎಂದು ಅವರು ಕೇಳಬಹುದು. ನಡೆಯಿತು. 2019ರಲ್ಲಿ ಜೆಡಿಎಸ್ ಮತ್ತು ಕಾಂಗ್ರೆಸ್ ಕೂಡಿದ್ದು ಯಾಕೆ ನಡೆಯಲಿಲ್ಲ ಎಂದು ಕೇಳಿದಾಗ ಮಾತ್ರ ಇದರ ಅರ್ಥ ತಿಳಿಯುತ್ತದೆ. ಮಂಡ್ಯದ ಹಳ್ಳಿಗಳಲ್ಲಿ ಊರಿಗೆ ಎರಡು ಗುಂಪು. ಡೇರಿ ಅಧ್ಯಕ್ಷಗಿರಿ ಒಂದು ಗುಂಪಿಗಾದರೆ ಸೊಸೈಟಿ ಇನ್ನೊಂದಕ್ಕೆ. ಹಬ್ಬದಲ್ಲಿ ಕೊಂಡಕ್ಕೆ ಸೌದೆ ತರುವವರು ಯಾರು ಎನ್ನುವಲ್ಲಿಂದ ಪಂಚಾಯಿತಿ ಬಿಲ್ಲಿನವರೆಗೆ ಎಲ್ಲದರಲ್ಲೂ ಪೈಪೋಟಿ. ಈ ಎರಡು ಗುಂಪುಗಳೇ ದಶಕಗಳಿಂದ ಕಾಂಗ್ರೆಸ್ಸು, ದಳ ಎಂದು ಹೆಸರಿಟ್ಟುಕೊಂಡಿವೆ. ಬೆಂಗಳೂರಿನಲ್ಲಿ ನಾಯಕರು ಕೈಕೈ ಹಿಡಿದು ಮೇಲೆತ್ತಿದ ದಿನ ಊರಿನ ಕಾಂಗ್ರೆಸ್ ಗುಂಪಿನವರಿಗೆ ನಿಲ್ಲಲು ಜಾಗವೇ ಇಲ್ಲದಾಯಿತು. ಎದುರು ಮನೆಯವನ ಜೀಪಿನಲ್ಲಿ ಕೂತು ಪ್ರಚಾರಕ್ಕೆ ಹೋಗು ಎಂದರೆ ಯಾರು ಹೋಗುತ್ತಾರೆ? ಅವರಿಗೆ ಸುಮಲತಾ ಜಾಗ ಕೊಟ್ಟರು. ಆ ಸಭೆಗಳಲ್ಲಿ ರೈತಸಂಘದ ಹಸಿರು ಶಾಲು, ಬಿಜೆಪಿ ಬಾವುಟ, ಕಾಂಗ್ರೆಸ್ ಬಾವುಟ ಒಟ್ಟೊಟ್ಟಿಗೆ ಹಾರಾಡಿದ್ದನ್ನು ಇಡೀ ರಾಜ್ಯ ನೋಡಿದೆ.

ಇದರ ಸುಳಿವು 2018ರ ನವೆಂಬರ್‌ನಲ್ಲೇ ಇತ್ತು. ಶಿವರಾಮೇಗೌಡರ ಅಂತರವನ್ನೇ ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಾಗ ಬಿಜೆಪಿಯ ಡಾ. ಸಿದ್ದರಾಮಯ್ಯ 2,44,404 ಮತ ತೆಗೆದುಕೊಂಡಿದ್ದರು. 2014ರಲ್ಲಿ ದೇಶವೆಲ್ಲ ಮೋದಿ ಎಂದಾಗಲೂ ಮಂಡ್ಯದಲ್ಲಿ ಒಂದು ಲಕ್ಷ ಮುಟ್ಟದಿದ್ದ ಪಕ್ಷ ಅದು. ಹೊಸ ಮತಗಳು ಆಕಾಶದಿಂದ ಬೀಳಲಿಲ್ಲ. ಅವು ಜಾಗ ಹುಡುಕುತ್ತಿದ್ದ ಊರಿನ ಆ ಇನ್ನೊಂದು ಗುಂಪಿನವು ಎಂಬುದು ನನ್ನ ಓದು. ಗೆದ್ದವರ ಅಂತರ ನೋಡುವವರಿಗೆ ಸೋತವರ ಸಾಲು ಕಾಣುವುದಿಲ್ಲ. 2024ರಲ್ಲಿ ಜೆಡಿಎಸ್ ಮತ್ತು ಬಿಜೆಪಿ ಸುಲಭವಾಗಿ ಬೆರೆತದ್ದಕ್ಕೆ ಕಾರಣವೂ ಇದರಲ್ಲೇ ಇದೆ: ಅವೆರಡಕ್ಕೂ ಊರೊಳಗೆ ಹಳೆಯ ಹಗೆ ಇರಲಿಲ್ಲ. ಮತ ಕೂಡುವ ಮೊದಲು ಹಗೆ ಕಳೆಯಬೇಕು. ಈ ಕಳೆಯುವ ಲೆಕ್ಕವನ್ನು ಸ್ಟುಡಿಯೋದ ಮೇಜಿನ ಮೇಲೆ ಯಾರೂ ಮಾಡುವುದಿಲ್ಲ.

ಸ್ಟುಡಿಯೋ ಎಂದ ಮೇಲೆ ಸುತ್ತುಗಳ ಮಾತು ಬಂದೇ ಬರುತ್ತದೆ. ಎಣಿಕೆ ಕೊಠಡಿಯಲ್ಲಿ ಒಂದು ವಿಧಾನಸಭಾ ಕ್ಷೇತ್ರಕ್ಕೆ ಸಾಮಾನ್ಯವಾಗಿ ಹದಿನಾಲ್ಕು ಮೇಜು. ಮೇಜಿಗೊಂದು ಬೂತಿನ ಕಂಟ್ರೋಲ್ ಯೂನಿಟ್. ತಂತಿಜಾಲರಿಯ ಈಚೆ ಏಜೆಂಟರು ಮತಗಟ್ಟೆಯಿಂದ ತಂದ, ಬಿದ್ದ ಮತಗಳ ಲೆಕ್ಕದ 17ಸಿ ಚೀಟಿ ಹಿಡಿದು ಕೂತಿರುತ್ತಾರೆ. ಸಿಬ್ಬಂದಿ ಯಂತ್ರದ ಮುದ್ರೆ ತೋರಿಸಿ, ಒಡೆದು, ಫಲಿತಾಂಶದ ಗುಂಡಿ ಒತ್ತುತ್ತಾರೆ. ಕೀಂ ಎನ್ನುತ್ತದೆ. ಅಭ್ಯರ್ಥಿಯ ಸಂಖ್ಯೆ, ಪಡೆದ ಮತ, ಮುಂದಿನ ಅಭ್ಯರ್ಥಿಯ ಸಂಖ್ಯೆ, ಪಡೆದ ಮತ. ಜಾಲರಿಯ ಈಚೆಗೆ ಪೆನ್ನುಗಳು ಓಡುತ್ತವೆ. ಹದಿನಾಲ್ಕು ಬೂತು ಮುಗಿದರೆ ಒಂದು ಸುತ್ತು. ಬೂತುಗಳು ಬರುವುದು ಕ್ರಮಸಂಖ್ಯೆಯಲ್ಲಿ, ಕ್ರಮಸಂಖ್ಯೆ ನಡೆಯುವುದು ಊರಿನ ಸಾಲಿನಲ್ಲಿ. ಹಾಗಾಗಿ ಮೊದಲ ಸುತ್ತಿನ ಲೀಡು ಎಂದರೆ ಕ್ಷೇತ್ರದ ಒಂದು ಮೂಲೆಯ ಮಾತು, ಅಷ್ಟೇ. ಮಳವಳ್ಳಿಯ ಹಳಬ ಏಜೆಂಟರಿಗೆ ಹಲಗೂರು ಯಾವ ಸುತ್ತಿಗೆ, ಕಿರುಗಾವಲು ಯಾವ ಸುತ್ತಿಗೆ, ಬಿ.ಜಿ. ಪುರ ಯಾವ ಸುತ್ತಿಗೆ ಎಂದು ಬಾಯಿಪಾಠ ಬರುತ್ತದೆ. ಅವರು ಮೂರನೆಯ ಸುತ್ತಿಗೆ ಪಟಾಕಿ ತರಿಸುವುದಿಲ್ಲ, ಮೂರನೆಯ ಸುತ್ತಿಗೆ ಮುಖ ಬಾಡಿಸಿಕೊಳ್ಳುವುದೂ ಇಲ್ಲ. ಟಿವಿಯವರು ಮೊದಲ ಸುತ್ತಿಗೇ ‘ಭಾರೀ ಮುನ್ನಡೆ’ ಎನ್ನುತ್ತಾರೆ. ಜೂನ್ 1ರ ಸಂಜೆ ಮತಗಟ್ಟೆ ಸಮೀಕ್ಷೆಗಳಲ್ಲಿ ಎನ್‌ಡಿಎಗೆ ನಾನೂರರ ಹತ್ತಿರ ಕೊಟ್ಟವರೂ ಇವರೇ. ಬಿಜೆಪಿ 240ಕ್ಕೆ ನಿಂತಿತು. ಅವರು ತಪ್ಪಿದ್ದಕ್ಕಿಂತ, ಹೇಗೆ ತಪ್ಪಿದೆವು ಎಂದು ಜನರ ಮುಂದೆ ಹೇಳದೆ ಮುಂದಕ್ಕೆ ಹೋಗುವುದು ನನಗೆ ಕೋಪ ತರಿಸುತ್ತದೆ.

ಎಣಿಕೆಯ ಮರುದಿನವಲ್ಲ, ಏಪ್ರಿಲ್ 26ರ ಮತದಾನಕ್ಕೂ ಮೊದಲೇ, ಹಲಗೂರು ಕಡೆಯ ಒಬ್ಬ ಹಿರಿಯ ಏಜೆಂಟರು ನನಗೆ ಒಂದು ಮಾತು ಹೇಳಿದ್ದರು. ‘ಎಂಎಲ್‌ಎ ಯಾರ್ ಕಡೆ ಅಂತ ಕೇಳ್ಬೇಡಿ ಸ್ವಾಮಿ. ನಾಲೇಲಿ ನೀರು ಎಲ್ಲೀಗಂಟ ಬಂದದೆ ಅಂತ ಕೇಳಿ.’ ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗ ಮದ್ದೂರು, ಮಳವಳ್ಳಿ. ಕಟ್ಟೆಯಲ್ಲಿ ನೀರಿದ್ದರೂ ತುದಿ ಮುಟ್ಟುವುದು ಖಾತ್ರಿ ಇಲ್ಲ. 2023ರಲ್ಲಂತೂ ಕೆಆರ್‌ಎಸ್ ಅಣೆಕಟ್ಟೆ ಪೂರ್ಣಮಟ್ಟದ 124.80 ಅಡಿ ಮುಟ್ಟಲೇ ಇಲ್ಲ. ಇದ್ದ ನೀರೂ ತಮಿಳುನಾಡಿಗೆ ಹರಿಯಿತು ಎಂದು ಮಂಡ್ಯದಲ್ಲಿ ತಿಂಗಳುಗಟ್ಟಲೆ ಧರಣಿ ನಡೆಯಿತು. 2024ರ ಜನವರಿಯಲ್ಲಿ ಕೆರಗೋಡಿನ ಧ್ವಜಸ್ತಂಭದಿಂದ ಹನುಮಧ್ವಜ ಇಳಿಸಿದ ಗಲಾಟೆಯೂ ಸೇರಿಕೊಂಡಿತು. ಕೆರಗೋಡಿನಿಂದಲೇ ಫಲಿತಾಂಶ ತಿರುಗಿತು ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಒಣಗಿದ ಕಬ್ಬಿನ ಗದ್ದೆ ಅದಕ್ಕಿಂತ ಹೆಚ್ಚು ಮಾತಾಡಿದೆ. ಕಾವೇರಿ ದೆಹಲಿಯಲ್ಲಿ ತೀರ್ಮಾನವಾಗುವ ಪ್ರಶ್ನೆ, ದೆಹಲಿಗೆ ದೊಡ್ಡ ದನಿಯವರೊಬ್ಬರು ಹೋಗಲಿ ಎಂದು ಜನ ಯೋಚಿಸಿದ್ದರಲ್ಲಿ ಅಚ್ಚರಿ ಏನೂ ಇಲ್ಲ. ಅದೇ ಜನ ವರ್ಷದ ಹಿಂದೆ ಬೆಂಗಳೂರಿನ ಸರ್ಕಾರಕ್ಕೆ ಬೇರೆ ಲೆಕ್ಕ ಹಾಕಿ ಮತ ಕೊಟ್ಟಿದ್ದರು.

ಈ ಬೇರೆಬೇರೆ ತಕ್ಕಡಿ ಹೊಸದಲ್ಲ. 1984ರ ಡಿಸೆಂಬರ್‌ನಲ್ಲಿ, ಇಂದಿರಾ ಹತ್ಯೆಯ ದುಃಖದ ನಡುವೆ, ಕರ್ನಾಟಕ 28ರಲ್ಲಿ 24 ಸೀಟು ಕಾಂಗ್ರೆಸ್‌ಗೆ ಕೊಟ್ಟಿತು. ಮೂರನೆಯ ತಿಂಗಳಿಗೇ, 1985ರ ಮಾರ್ಚ್‌ನಲ್ಲಿ, ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ ವಿಧಾನಸಭೆಯಲ್ಲಿ ಪೂರ್ಣ ಬಹುಮತ ಕೊಟ್ಟಿತು. ಮಳವಳ್ಳಿಯನ್ನೇ ನೋಡಿ. 2008ರಲ್ಲಿ ಪಿ.ಎಂ. ನರೇಂದ್ರಸ್ವಾಮಿ ಪಕ್ಷೇತರರಾಗಿ ಗೆದ್ದರು, ಯಡಿಯೂರಪ್ಪನವರ ಸಂಪುಟ ಸೇರಿದರು. 2013ರಲ್ಲಿ ಅವರೇ ಕಾಂಗ್ರೆಸ್‌ನಿಂದ, ಕೂದಲೆಳೆಯಲ್ಲಿ. 2018ರಲ್ಲಿ ಜೆಡಿಎಸ್‌ನ ಅನ್ನದಾನಿ, 2023ರಲ್ಲಿ ಮತ್ತೆ ನರೇಂದ್ರಸ್ವಾಮಿ. ಹಾಗೇ ಲೋಕಸಭೆಗೆ 2013ರ ಆಗಸ್ಟ್‌ನ ಉಪಚುನಾವಣೆಯಲ್ಲಿ ಜೆಡಿಎಸ್‌ನ ಪುಟ್ಟರಾಜು ಅವರೆದುರು 47 ಸಾವಿರದಿಂದ ಗೆದ್ದ ಕಾಂಗ್ರೆಸ್‌ನ ರಮ್ಯಾ ಮರುವರ್ಷ ಅದೇ ಪುಟ್ಟರಾಜು ಅವರಿಗೆ 5,518 ಮತಗಳಿಂದ ಸೋತರು. ಇಲ್ಲಿ ಯಾರ ಗೆಲುವೂ ಖಾಯಂ ಪಟ್ಟಾ ಅಲ್ಲ.

ನನ್ನ ಮಟ್ಟಿಗೆ ಈ ಎಲ್ಲದರ ಮೂಲಗ್ರಂಥ ಮದ್ದೂರಿನ 1962. ಈ ಅಂಕಣದಲ್ಲಿ ಅದನ್ನು ಹಿಂದೆಯೂ ಎತ್ತಿದ್ದೇನೆ, ಮತ್ತೂ ಎತ್ತುತ್ತೇನೆ. ಅಲ್ಲಿಯವರೆಗಿನ ಎರಡು ಮಹಾಚುನಾವಣೆಗಳಲ್ಲಿ ಅಭ್ಯರ್ಥಿಗೊಂದು ಪೆಟ್ಟಿಗೆ, ಪೆಟ್ಟಿಗೆಗೆ ಅಂಟಿಸಿದ ಗುರುತು, ಮತಪತ್ರವನ್ನು ಒಳಗೆ ಹಾಕಿ ಬಂದರಾಯಿತು. 1962ರಲ್ಲಿ ಜನ ಮತಪತ್ರದ ಮೇಲೆ ತಾವೇ ಮುದ್ರೆ ಒತ್ತಿದರು. ಬೆರಳಿಗೆ ಹಚ್ಚಿದ ಅಳಿಸದ ಶಾಯಿ ಮೈಸೂರಿನ ಬಣ್ಣದ ಕಾರ್ಖಾನೆಯಿಂದ ಬಂದದ್ದೂ ಆ ವರ್ಷದಿಂದ. ಅಂಥ ಚುನಾವಣೆಯಲ್ಲಿ ಮದ್ದೂರಿನ ಕಣದಲ್ಲಿ ಕಾಂಗ್ರೆಸ್‌ನಿಂದ ಕೆ.ವಿ. ಶಂಕರಗೌಡರು. ‘ನಿತ್ಯಸಚಿವ’ ಎಂದು ಜಿಲ್ಲೆ ಪ್ರೀತಿಯಿಂದ ಕರೆದ ದೊಡ್ಡ ಮನುಷ್ಯ. ಅವರ ಪರವಾಗಿ ಜವಾಹರಲಾಲ್ ನೆಹರೂ ಅವರೇ ಪ್ರಚಾರ ಮಾಡಿದರು. ಎದುರು ಸೋಮನಹಳ್ಳಿಯ ಎಸ್.ಎಂ. ಕೃಷ್ಣ. ಇನ್ನೂ ಮೂವತ್ತು ತುಂಬಿರಲಿಲ್ಲ. ಅಮೆರಿಕದಲ್ಲಿ ಕಾನೂನು ಓದಿ, 1960ರಲ್ಲಿ ಅಲ್ಲಿ ಕೆನಡಿ ಪರ ಪ್ರಚಾರ ಮಾಡಿ, ಊರಿಗೆ ಮರಳಿದ್ದ ಹುಡುಗ. ಪ್ರಧಾನಿಯ ಮಾತು, ಆಡಳಿತ ಪಕ್ಷ, ಹಿರಿಯ ಹೆಸರು ಎಲ್ಲ ಒಂದು ಕಡೆ ಕೂಡಿದ್ದವು. ಮದ್ದೂರಿನವರು ಕೃಷ್ಣ ಅವರನ್ನು ಗೆಲ್ಲಿಸಿದರು.

ಕತೆ ಇಲ್ಲಿಗೆ ನಿಂತಿದ್ದರೆ ಯುವಕನ ಗೆಲುವಿನ ಕತೆ ಆಗುತ್ತಿತ್ತು. 1967ರಲ್ಲಿ ಅದೇ ಮದ್ದೂರು ಕೃಷ್ಣ ಅವರನ್ನು ಸೋಲಿಸಿ ಕಾಂಗ್ರೆಸ್‌ನ ಮಂಚೇಗೌಡರನ್ನು ಕಳಿಸಿತು. ಮರುವರ್ಷ ಮಂಡ್ಯ ಲೋಕಸಭಾ ಉಪಚುನಾವಣೆ ಬಂತು, ಶಾಸಕನಾಗಿ ಬೇಡವಾದವರನ್ನು ಜನ ದೆಹಲಿಗೆ ಆರಿಸಿದರು. 1999ರಲ್ಲಿ ಮದ್ದೂರಿನಿಂದಲೇ ಗೆದ್ದು ಅವರು ಮುಖ್ಯಮಂತ್ರಿಯಾದದ್ದು ಎಲ್ಲರಿಗೂ ಗೊತ್ತಿರುವ ಭಾಗ.

ನನಗೆ ಹೆಚ್ಚು ಹಿಡಿಸುವುದು ಶಂಕರಗೌಡರ ಕಡೆಯ ಕತೆ. ಸೋತ ಆ 1962ರಲ್ಲೇ ಮಂಡ್ಯದಲ್ಲಿ ಪಿಇಎಸ್ ಎಂಜಿನಿಯರಿಂಗ್ ಕಾಲೇಜು ಶುರುವಾಯಿತು, ಅದರ ಹಿಂದಿದ್ದವರು ಅವರೇ. ಕಬ್ಬು, ಭತ್ತ ಬೆಳೆವ ಮನೆಗಳ ಮಕ್ಕಳು ಊರ ಬಸ್ಸಿನಲ್ಲೇ ಹೋಗಿ ಎಂಜಿನಿಯರಾಗುವ ದಾರಿ ಹಾಗೆ ತೆರೆಯಿತು. ಗೆದ್ದವರು ಐದು ವರ್ಷಕ್ಕೆ ಸೋತರು, ಸೋತವರು ಕಟ್ಟಿದ್ದರಲ್ಲಿ ಅರವತ್ತು ವರ್ಷದ ಮೇಲೂ ಪಾಠ ನಡೆಯುತ್ತಿದೆ. ಮುಂದೆ 1984ರಲ್ಲಿ, ಮೇಲೆ ಹೇಳಿದ ಆ ಕಾಂಗ್ರೆಸ್ ಅಲೆಯಲ್ಲಿ, ರಾಜ್ಯದಿಂದ ಲೋಕಸಭೆಗೆ ಗೆದ್ದ ಜನತಾ ಪಕ್ಷದ ನಾಲ್ವರಲ್ಲಿ ಒಬ್ಬರು ಮಂಡ್ಯದ ಕೆ.ವಿ. ಶಂಕರಗೌಡರು. ನೆಹರೂ ಬಂದು ಕೇಳಿದಾಗ ಕೊಡದ ಮತವನ್ನು ಇಪ್ಪತ್ತೆರಡು ವರ್ಷಗಳ ನಂತರ, ನೆಹರೂ ಮೊಮ್ಮಗನ ಪಕ್ಷದ ವಿರುದ್ಧ, ಅದೇ ಮನುಷ್ಯನಿಗೆ ಮಂಡ್ಯ ಎಣಿಸಿ ಕೊಟ್ಟಿತು.

ಈ ವಾರ ಸೋತ ವೆಂಕಟರಮಣೇಗೌಡರಿಗೆ, ಹಿಂದಿನ ಸಲ ಸೋತ ನಿಖಿಲ್ ಅವರಿಗೆ, ಇಬ್ಬರಿಗೂ ಈ ಪುಟ ತೆರೆದಿಟ್ಟು ಓದಿಸಬೇಕು ಎನಿಸುತ್ತದೆ. ಸೋತ ಮೇಲೆ ಜಿಲ್ಲೆಯಲ್ಲಿ ಉಳಿದವರನ್ನು ಮಂಡ್ಯ ಮರೆತದ್ದು ಕಡಿಮೆ. ದರ್ಶನ್ ಪುಟ್ಟಣ್ಣಯ್ಯ 2018ರಲ್ಲಿ ತಂದೆ ತೀರಿಕೊಂಡ ಮೂರೇ ತಿಂಗಳಿಗೆ ಕಣಕ್ಕಿಳಿದು ಸೋತವರು, ಅಮೆರಿಕದ ಉದ್ಯಮ ಬಿಟ್ಟು ಬಂದವರು ಎಂಬ ಅನುಮಾನವನ್ನೂ ಹೊತ್ತವರು. ಐದು ವರ್ಷ ಬಿಟ್ಟು ಮೇಲುಕೋಟೆ ಅವರನ್ನು ಕರೆಯಿತು.

ಬೂತ್‌ವಾರು ಲೆಕ್ಕದ ನಮೂನೆ 20 ಕೈಗೆ ಬಂದ ವಾರ ಮದ್ದೂರು, ಮಳವಳ್ಳಿಯ ಕೊನೆಭಾಗದ ಊರುಗಳನ್ನು ಒಂದೊಂದಾಗಿ ನೋಡೋಣ. ಅದಕ್ಕೂ ಮೊದಲು ರಾಜ್ಯ ಸರ್ಕಾರಕ್ಕೆ ಒಂದು ಒತ್ತಾಯ. ದೆಹಲಿಗೊಂದು, ಬೆಂಗಳೂರಿಗೊಂದು ಎಂದು ಮತವನ್ನು ಬೇರೆಬೇರೆ ತೂಗಬಲ್ಲ ಈ ಜನರ ಕೈಯಲ್ಲಿ ಮೂರನೆಯ ಮತವೂ ಇತ್ತು, ಊರಿನ ಎರಡು ಗುಂಪುಗಳು ನೇರವಾಗಿ ಎದುರಾಗುವ ಮತ. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳ ಅವಧಿ ಮುಗಿದದ್ದು 2021ರಲ್ಲಿ. ಈಗ 2024ರ ಜೂನ್. ನಾಲೆಯ ಹೂಳು ಯಾರು ತೆಗೆಸಬೇಕು ಎಂದು ಮಳವಳ್ಳಿಯ ರೈತ ಕೇಳಬೇಕಾದ ಸದಸ್ಯನ ಕುರ್ಚಿಯಲ್ಲಿ ಇಂದಿಗೂ ಆಡಳಿತಾಧಿಕಾರಿ ಕೂತಿದ್ದಾರೆ. ಮೀಸಲಾತಿ ಪಟ್ಟಿ, ಕ್ಷೇತ್ರ ವಿಂಗಡಣೆ ಎಂಬ ಸಬೂಬು ಸಾಕು. ಈ ಮಳೆಗಾಲ ಮುಗಿಯುವುದರೊಳಗೆ ಚುನಾವಣೆಯ ದಿನಾಂಕ ಪ್ರಕಟಿಸಲಿ.