ಇಸ್ಲಾಮೀ ವಾಸ್ತುವಿನ ಲಕ್ಷಣವಿಚಾರ

ಇಸ್ಲಾಮೀ ವಾಸ್ತುವಿನ ಲಕ್ಷಣವನ್ನು ಹೇಳುವವರು ಗುಂಬಜ, ಕಮಾನು, ಮಿನಾರುಗಳನ್ನು ಎಣಿಸಿ ನಿಲ್ಲುವುದು ವಾಡಿಕೆ. ಈ ಲಕ್ಷಣಕ್ಕೆ ಅತಿವ್ಯಾಪ್ತಿ, ಅವ್ಯಾಪ್ತಿ ಎಂಬ ದೋಷಗಳೆರಡೂ ತಟ್ಟುತ್ತವೆ.

1912ರಲ್ಲಿ ಪೂರ್ಣಗೊಂಡ ಮೈಸೂರು ಅರಮನೆಯಲ್ಲಿ ಗುಂಬಜಗಳೂ ಕಮಾನುಗಳೂ ಉಂಟು. ಆದರೂ ಅದು ಒಡೆಯರ ಅರಮನೆಯೇ. ಇದು ಅತಿವ್ಯಾಪ್ತಿ. ಇನ್ನು ಮಾವಳ್ಳಿಯ ಕರಾವಳಿಯನ್ನು ನೋಡಬೇಕು. ಅದರ ಉತ್ತರಕ್ಕಿರುವ ಹೊನ್ನಾವರದ ಮುಸಲ್ಮಾನರನ್ನು 14ನೆಯ ಶತಮಾನದಲ್ಲಿಯೇ ಇಬ್ನ್ ಬತೂತನು ವರ್ಣಿಸಿದ್ದಾನೆ. ದಕ್ಷಿಣದ ಭಟ್ಕಳವು ನವಾಯತರ ನೆಲೆ. ಮಳೆ ಬಿರುಸಾದ ಈ ಪಡುವಣ ತೀರದಲ್ಲಿ ಮಸೀದಿಯು ‘ಪಳ್ಳಿ’ಯೆನಿಸಿ, ಮರದ ತೊಲೆಗಳನ್ನೂ ಇಳಿಜಾರಾದ ಮಾಡನ್ನೂ ತಾಳಿತು. ಕಲ್ಲಿಕೋಟೆಯ ಮಿಸ್ಕಾಲ್ ಪಳ್ಳಿ ಇದಕ್ಕೆ ಪ್ರಸಿದ್ಧ ನಿದರ್ಶನ. ಅದಕ್ಕೆ ಗುಂಬಜವೂ ಇಲ್ಲ, ಮಿನಾರೂ ಇಲ್ಲ. ಇದು ಅವ್ಯಾಪ್ತಿ.

ಘಟ್ಟದ ಮೇಲಣ ಸಾಕ್ಷ್ಯವೂ ಇದನ್ನೇ ಬಲಪಡಿಸುತ್ತದೆ. 1367ರ ಗುಲ್ಬರ್ಗದ ಜಾಮಿ ಮಸೀದಿಯು ತೆರೆದ ಅಂಗಳವನ್ನೇ ಬಿಟ್ಟು ಪೂರ್ತಿ ಛಾವಣಿ ಹೊದೆಯಿತು. ಹೆಣೆದ ಕಮಾನುಗಳಿಂದ ಚೌಕವನ್ನು ವೃತ್ತಕ್ಕೆ ತಿರುಗಿಸಿದ ವಿಜಾಪುರದ ಗೋಲಗುಂಬಜವಾದರೋ ಮಸೀದಿಯಲ್ಲ, 1656ರಲ್ಲಿ ಮೃತನಾದ ಮಹಮ್ಮದ್ ಆದಿಲ್ ಶಾಹನ ಸಮಾಧಿ.

ಹಾಗಾದರೆ ಮಸೀದಿಗಳೆಲ್ಲಕ್ಕೂ ಸಾಧಾರಣವಾದುದು ಯಾವುದು? ಮಕ್ಕೆಯ ದಿಕ್ಕಿಗೆ ಅಭಿಮುಖವಾದ ಗೋಡೆ, ಆ ದಿಕ್ಕನ್ನು ತೋರುವ ಮಿಹರಾಬು, ಸಾಲುಗಟ್ಟಿ ಸಮನಾಗಿ ನಿಲ್ಲಲು ಎಡೆ, ಅಂಗಶುದ್ಧಿಗೆ ನೀರು. ಈ ಕರಾವಳಿಯಲ್ಲಿ ಆ ದಿಕ್ಕು ಕಡಲಿನದೇ. ಉಳಿದುದೆಲ್ಲ ದೇಶಧರ್ಮ.

ಈ ವಿವೇಚನೆ ಬರಿಯ ಶಬ್ದವಾದವಲ್ಲ. ದೋಷಯುಕ್ತ ಲಕ್ಷಣವನ್ನು ನಂಬಿ ಹಳೆಯ ಮಾಡನ್ನಿಳಿಸಿ ಗುಂಬಜವನ್ನೇರಿಸಿದರೆ, ಕಳೆದುದನ್ನು ಮರಳಿ ಪಡೆದಂತೆ ಆಗುವುದಿಲ್ಲ. ಈ ತೀರದ ಬಡಗಿಯೂ ನಮಾಜಿಯೂ ಶತಮಾನಗಳ ಕಾಲ ಕೂಡಿ ಕಟ್ಟಿದ ಪರಂಪರೆಯೊಂದು ಅಳಿದಂತಾಗುತ್ತದೆ.