ಬಲಿಪೂಜೆಯ ನಡುವಣ ಮಾತು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳು 1988ರಲ್ಲಿ ಸ್ಥಾಪಿತವಾದ ಶಿವಮೊಗ್ಗ ಕಥೋಲಿಕ ಧರ್ಮಕ್ಷೇತ್ರದ ವ್ಯಾಪ್ತಿಗೆ ಸೇರಿದ ಸೀಮೆ. ಈ ಸೀಮೆಯ ಚರ್ಚುಗಳ ಬಲಿಪೂಜೆಯಲ್ಲಿ, ಶುಭಸಂದೇಶ ವಾಚನವಾದೊಡನೆ ಗುರುಗಳು ಆಡುವ ಪ್ರಬೋಧನೆಯ ಕೌಶಲ ನನಗೆ ಪರಮಪ್ರಿಯವಾದುದು. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ದೇಶಭಾಷೆಗಳಿಗೆ ಪೂಜಾವಿಧಿಯಲ್ಲಿ ಸ್ಥಾನವಿತ್ತುದಲ್ಲದೆ, ಪ್ರಬೋಧನೆಯು ಪೂಜೆಯ ಅಂಗವೇ ಎಂದು ಸಾರಿತು.

ಭಾನುವಾರದ ವಾಚನಗಳನ್ನು ಗುರುಗಳು ತಮ್ಮ ಇಚ್ಛೆಯಂತೆ ಆರಿಸುವಂತಿಲ್ಲ. ಮೂರು ವರ್ಷಗಳ ಆವರ್ತನದಲ್ಲಿ ಅವೇ ಪಾಠಗಳು ಅವೇ ಮುಖಗಳೆದುರು ಮರಳಿ ಬರುತ್ತವೆ, ಮಾತು ಮಾತ್ರ ಹಳಸಬಾರದು. ಮತ್ತಾಯನ ಶುಭಸಂದೇಶವನ್ನು ಓದುವ ವರ್ಷದಲ್ಲಿ ಬಿತ್ತುವವನ ಸಾಮತಿ ಜುಲೈ ನಡುವೆ, ಮುಂಗಾರು ಬಿತ್ತನೆಯ ಬೆನ್ನಿಗೇ ಬರುತ್ತದೆ. ಕೂರಿಗೆಯ ಸಾಲು ತಪ್ಪದಂತೆ ಬಿತ್ತಿ ಬಂದ ಜಗಳೂರಿನ ಬೆದ್ದಲು ರೈತನಿಗೆ, ದಾರಿಗೂ ಮುಳ್ಳಿಗೂ ಕಾಳು ಚೆಲ್ಲುವವನು ಅವಿವೇಕಿಯೆಂದೇ ತೋರಬೇಕು! ನುರಿತ ಗುರುಗಳು ಆ ಶಂಕೆಯನ್ನು ಅಡಗಿಸುವುದಿಲ್ಲ. ಅಲ್ಲಿಂದಲೇ ಆರಂಭಿಸಿ, ಕೈಯಿಂದ ಎರಚಿ ಬಿತ್ತುವ ಪದ್ಧತಿಯನ್ನು ವಿವರಿಸಿ, ನೆಲದ ಯೋಗ್ಯತೆಯನ್ನು ಮೊದಲೇ ಅಳೆಯದ ದೇವರ ಔದಾರ್ಯಕ್ಕೆ ಮೆಲ್ಲನೆ ಏರುತ್ತಾರೆ. ದೀರ್ಘ ಪ್ರಬೋಧನೆಗಳನ್ನೂ ನಾನು ಬಲ್ಲೆ, ಅವುಗಳ ಮಾತು ಇಲ್ಲಿ ಬೇಡ. ಉತ್ತಮವಾದುದು ಹತ್ತು ನಿಮಿಷವನ್ನು ಮೀರದು. ಹಿಂದಿನ ಬೆಂಚಿನ ಅಜ್ಜಿಗೂ ಮುಟ್ಟುವಂತೆ ವಾಕ್ಯಾಂತ್ಯದಲ್ಲಿ ಸ್ವರ ತಗ್ಗದು. ಮಗುವೊಂದು ಅತ್ತರೆ ಕ್ಷಣಕಾಲ ನಿಂತು, ಎಳೆ ತುಂಡಾಗದಂತೆ ಮುಂದುವರಿಯುವುದು.