ದನಿಯ ಬೆನ್ನಿಗೆ ಪಿಟೀಲು

ಗೋವಾದ ಸಾಲ್ಸೆಟ್ ತಾಲ್ಲೂಕಿನ ಮಜೋರ್ಡಾ, ಪಿಟೀಲು ಗುರು ಆಂಟನಿ ಗೊನ್ಸಾಲ್ವಿಸ್ ಅವರ ಹುಟ್ಟೂರು. ಪೋರ್ಚುಗೀಸರ ಕಾಲದ ಚರ್ಚ್ ಶಾಲೆಗಳು ಮಕ್ಕಳಿಗೆ ಸ್ವರಲಿಪಿ ಓದುವುದನ್ನೂ ಪಿಟೀಲು ನುಡಿಸುವುದನ್ನೂ ಕಲಿಸುತ್ತಿದ್ದವು. ಆ ವಿದ್ಯೆ ಮುಂಬೈ ಸಿನಿಮಾಕ್ಕೆ ಒದಗಿಬಂದದ್ದು ನಮ್ಮ ಕಿವಿಗಳ ಪುಣ್ಯ.

ಸಂಗೀತ ನಿರ್ದೇಶಕರು ಹಾರ್ಮೋನಿಯಂ ಮೇಲೆ ರಾಗ ಗುನುಗುತ್ತಿದ್ದರು. ಯಾವ ವಾದ್ಯ ಎಲ್ಲಿ ಏಳಬೇಕು, ಎಲ್ಲಿ ಅಡಗಬೇಕು ಎಂದು ಬರೆದುಕೊಡುತ್ತಿದ್ದವರು ಅರೇಂಜರ್‌ಗಳು; ಅವರಲ್ಲಿ ಅನೇಕರು ಗೋವಾದವರು. ನನಗೆ ಅಚ್ಚುಮೆಚ್ಚು ರೇಯ್ಸ್ ಮಾಗೋಸ್‌ನ ಸೆಬಾಸ್ಟಿಯನ್ ಡಿಸೋಜಾ. ಶಂಕರ್-ಜೈಕಿಶನ್ ಹಾಡುಗಳಲ್ಲಿ ಅವರ ಕೈಚಳಕ ಕೇಳಬೇಕು. ಪಲ್ಲವಿ ಮುಗಿದು ಗಾಯಕಿ ಉಸಿರೆಳೆದುಕೊಳ್ಳುವ ಆ ಅರೆಗಳಿಗೆಯಲ್ಲೇ ಪಿಟೀಲುಗಳ ಗುಂಪು ಮೇಲೆದ್ದು ಬರುತ್ತದೆ. ದನಿ ಮರಳಿದರೂ ಅವು ಸುಮ್ಮನಾಗುವುದಿಲ್ಲ. ತಗ್ಗಿನ ಸ್ಥಾಯಿಗಿಳಿದು ತಮ್ಮದೇ ಬೇರೊಂದು ಧಾಟಿ ನುಡಿಸುತ್ತ ಹಾಡಿನ ಜೊತೆಗೇ ನಡೆಯುತ್ತವೆ. ಎರಡೂ ಒಂದಕ್ಕೊಂದು ಅಡ್ಡ ಬರುವುದಿಲ್ಲ. ಒಮ್ಮೆ ಹಾಡು ಬಿಟ್ಟು ಬರೀ ಪಿಟೀಲಿಗೆ ಕಿವಿಗೊಡಿ, ಅದೇ ಒಂದು ಪೂರ್ತಿ ಹಾಡು!

ಇಂಥವರ ಹೆಸರು ಪರದೆಯ ಮೇಲೆ ಬಂದದ್ದು ಅಪರೂಪ. ಗೊನ್ಸಾಲ್ವಿಸ್ ಬಳಿ ಪಿಟೀಲು ಕಲಿತ ಸಂಗೀತ ನಿರ್ದೇಶಕ ಪ್ಯಾರೇಲಾಲ್ ಮಾತ್ರ 1977ರ 'ಅಮರ್ ಅಕ್ಬರ್ ಆಂಟನಿ'ಯಲ್ಲಿ ಗುರುವಿನ ಹೆಸರನ್ನೇ ಹಾಡಾಗಿಸಿ ದೇಶದ ಬಾಯಲ್ಲಿ ಹಾಡಿಸಿದರು.